ಎಲೆ ಎತ್ತಿದವರು

ಬಿ.ಸಿ.ರೋಡಿನಲ್ಲಿ ಬಸ್ಸಿಳಿದು ಶೇಖರಣ್ಣನ ಹೋಟೆಲು ಎಲ್ಲಿ ಎಂದು ಕೇಳಿದರೆ ಯಾರು ಬೇಕಾದರೂ ತೋರಿಸುತ್ತಾರೆ. ಬೆಳಗ್ಗೆ ಬನ್ಸ್, ಸಂಜೆ ಗೋಳಿಬಜೆ, ಮಧ್ಯೆ ಎಷ್ಟು ಹೊತ್ತಿಗೆ ಹೋದರೂ ಬಿಸಿ ಚಹಾ. ಹೋಟೆಲಿನ ಹಿಂದೆ ಸಣ್ಣ ಅಂಗಳ, ಅದರಾಚೆ ಮನೆ. ನಾನು ಹೇಳಹೊರಟಿರುವುದು ಆ ಮನೆಯ ತಾಯಿ ಮಗಳ ಸಂಗತಿ. ಓದುವವರ ಮನೆಯಲ್ಲೂ ಇಂಥದ್ದೊಂದು ನಡೆಯುತ್ತಿರಬಹುದು ಎಂಬ ಕಾರಣಕ್ಕೇ ಹೇಳುತ್ತಿದ್ದೇನೆ.

ಮಗಳು ಜ್ಯೋತ್ಸ್ನಾ ಮೂಡುಬಿದಿರೆಯ ಒಂದು ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಉಪನ್ಯಾಸಕಿ. ದಿನಾ ಬೆಳಗ್ಗೆ ಅವಳು ಹೊರಡುವ ಮೊದಲು ತಾಯಿ ಶಶಿಪ್ರಭಾ ಅವಳನ್ನು ಕಿಟಕಿಯ ಹತ್ತಿರ ಕೂರಿಸಿ ಜಡೆ ಹಾಕುತ್ತಿದ್ದಳು.

"ನೂರಾರು ಮಕ್ಕಳಿಗೆ ಪಾಠ ಹೇಳುವವಳಿಗೆ ತಲೆ ಬಾಚಲಿಕ್ಕೆ ಅಮ್ಮ ಬೇಕು," ಎಂದು ಅಪ್ಪ ಶೇಖರ ಹೋಟೆಲಿನ ಬಾಗಿಲಿನಿಂದಲೇ ನಗುತ್ತಿದ್ದ.

ಜಡೆ ಒಂದು ನೆಪ. ಜ್ಯೋತ್ಸ್ನಾಳ ಕುತ್ತಿಗೆಯ ಹಿಂಭಾಗದಲ್ಲಿ ಬಿಳಿಯ ಕಲೆಗಳಿದ್ದವು. ಕನ್ನಡಿಯಲ್ಲಿ ಅವಳಿಗೆ ಅವು ಕಾಣುತ್ತಿರಲಿಲ್ಲ, ಕೈಯೂ ಸರಿಯಾಗಿ ಎಟುಕುತ್ತಿರಲಿಲ್ಲ. ಕೂದಲು ಎತ್ತಿ, ಡಾಕ್ಟರು ಕೊಟ್ಟ ಮುಲಾಮನ್ನು ಬೆರಳ ತುದಿಯಲ್ಲಿ ಅಲ್ಲಿಗೆ ಮೆಲ್ಲಗೆ ಹಚ್ಚುವುದು ತಾಯಿಯ ಕೆಲಸ. ಹಚ್ಚುವಾಗ ಇಬ್ಬರೂ ಆ ಕಲೆಯ ಮಾತು ಎತ್ತುತ್ತಿರಲಿಲ್ಲ. ಮಧ್ಯಾಹ್ನಕ್ಕೆ ಯಾವ ಪಲ್ಯ ಮಾಡುವುದು, ಯಾವ ಬಸ್ಸು ತಡ, ಇಂಥದ್ದೇ ಮಾತು.

ಮೊದಲ ಕಲೆ ಕಂಡದ್ದು ಜ್ಯೋತ್ಸ್ನಾ ಹೈಸ್ಕೂಲಿನಲ್ಲಿದ್ದಾಗ, ತುಟಿಯ ಅಂಚಿನಲ್ಲಿ. ಮಂಗಳೂರಿನ ಚರ್ಮದ ಡಾಕ್ಟರು ನೋಡಿ, "ಇದು ತೊನ್ನು. ಅಂಟುವ ರೋಗ ಅಲ್ಲ, ಯಾರ ತಪ್ಪೂ ಅಲ್ಲ. ಮದ್ದು ಮಾಡುವ, ಸ್ವಲ್ಪ ತಾಳ್ಮೆ ಬೇಕು," ಎಂದಿದ್ದರು. ಆದರೆ ಮನೆಯಲ್ಲಿ ಅಜ್ಜಿ, ಅಂದರೆ ಶೇಖರನ ತಾಯಿ, ಬೇರೆಯೇ ತೀರ್ಮಾನ ಮಾಡಿಯಾಗಿತ್ತು.

"ಇದು ನಾಗನ ದೋಷ," ಎಂದಳು ಅಜ್ಜಿ. ಸೊಸೆಯ ಕಡೆ ನೋಡಿ, "ಬಸುರಿಯಾಗಿದ್ದಾಗ ನಾಗಬನದ ಹತ್ತಿರ ಹೋಗಬೇಡ ಅಂತ ಎಷ್ಟು ಸಲ ಹೇಳಿದ್ದೆ ನಿನಗೆ. ಯಾವ ಹೊತ್ತಿನಲ್ಲಿ ಎಲ್ಲಿ ಕಾಲಿಟ್ಟೆಯೋ ಏನೋ," ಎಂದಳು.

ಶಶಿಪ್ರಭಾ ಬನದ ಹತ್ತಿರ ಹೋದವಳೇ ಅಲ್ಲ. ಆದರೂ ಅವಳು ಎದುರು ಮಾತಾಡಲಿಲ್ಲ. ಅಂದಿನಿಂದ ಹಬ್ಬಕ್ಕೆ, ಮದುವೆಗೆ, ಹೋದಲ್ಲೆಲ್ಲ ಆ ಮಾತು ಸುತ್ತಾಡಿತು. ವರ್ಷಗಟ್ಟಲೆ ಕೇಳಿದ ಮಾತು ಮೆಲ್ಲಗೆ ಒಳಗೆ ಇಳಿಯುತ್ತದೆ. ಕೊನೆಕೊನೆಗೆ ಶಶಿಪ್ರಭಾಳಿಗೇ ಅನುಮಾನ ಬಂತು. ಹೋಗಿದ್ದೆನೋ ಏನೋ, ಮರೆತಿರಬಹುದು ಎಂದುಕೊಳ್ಳತೊಡಗಿದಳು.

ಅಜ್ಜಿ ಕೆಟ್ಟವಳಲ್ಲ. ಅವಳ ತಂಗಿಗೂ ಇದೇ ಕಲೆ ಬಂದಿತ್ತಂತೆ. ಮದುವೆಯಾಗಿ ವರ್ಷ ತುಂಬುವ ಮೊದಲು ಗಂಡನ ಮನೆಯವರು ಅವಳನ್ನು ತವರಿಗೆ ತಂದುಬಿಟ್ಟರು. ಉಳಿದ ಆಯುಷ್ಯವನ್ನೆಲ್ಲ ಆಕೆ ಹಿತ್ತಿಲ ಕೋಣೆಯಲ್ಲಿ ಕಳೆದಳು. ಮೊಮ್ಮಗಳಿಗೂ ಹಾಗಾಗಬಾರದು ಎಂಬ ಹೆದರಿಕೆಯಲ್ಲಿ ಅಜ್ಜಿ ತನ್ನ ತವರೂರಿನ ಸುಬ್ರಹ್ಮಣ್ಯ ದೇವಸ್ಥಾನಕ್ಕೆ ಹರಕೆ ಹೇಳಿದ್ದಳು: ಹುಡುಗಿ ಮದುವೆಗೆ ಮೊದಲು ಮೂರು ಷಷ್ಠಿಗೆ ಮಡೆಸ್ನಾನ ಮಾಡಬೇಕು.

ಮುಂಡಾಜೆಯಿಂದ ಒಳಗೆ ಹೋದರೆ ಸಿಗುವ ಆ ಊರಿನ ಹೆಸರು ಇಲ್ಲಿ ಬೇಡ. ಅಲ್ಲಿ ಷಷ್ಠಿಯ ದಿನ ಮೊದಲ ಪಂಕ್ತಿಯಲ್ಲಿ ಬ್ರಾಹ್ಮಣರಿಗೆ ಊಟ. ಅವರು ಉಂಡು ಎದ್ದ ಮೇಲೆ, ಎಂಜಲು ಎಲೆಗಳ ಮೇಲೆ ಹರಕೆಯವರು ಒದ್ದೆ ಬಟ್ಟೆಯಲ್ಲಿ ಉರುಳಿಕೊಂಡು ಹೋಗುವುದು. ಚರ್ಮದ ಕಾಯಿಲೆ ಇದರಿಂದ ಹೋಗುತ್ತದೆ ಎಂಬುದು ನಂಬಿಕೆ. ಕಾನೂನು ಇದನ್ನು ನಿಷೇಧಿಸಿದ ಮೇಲೆ ಎದುರಿನ ಅಂಗಳದಲ್ಲಿ ಅದು ನಿಂತುಹೋಯಿತು. ಹಿಂದಿನ ಅಂಗಳದಲ್ಲಿ, 'ಸ್ವಂತ ಹರಕೆ' ಎಂಬ ಹೆಸರಿನಲ್ಲಿ, ಸದ್ದಿಲ್ಲದೆ ನಡೆಯುತ್ತಿತ್ತು.

ಹೋದ ವರ್ಷ ಬೆಳ್ತಂಗಡಿಯಿಂದ ಒಂದು ಸಂಬಂಧ ಬಂತು. ಹುಡುಗ ಜಿತೇಶ್, ಎಂಜಿನಿಯರು. ಜ್ಯೋತ್ಸ್ನಾಳ ಜೊತೆ ಚೆನ್ನಾಗಿಯೇ ಮಾತಾಡಿದ. ಕಲೆಯ ವಿಷಯ ಅವಳೇ ಹೇಳಿದಾಗ, "ನನಗೆ ಅದೇನೂ ತೊಂದರೆ ಇಲ್ಲ," ಎಂದ. ಆದರೆ ಚಹಾ ಕುಡಿಯುವ ಹೊತ್ತಿಗೆ ಅಜ್ಜಿ ಹರಕೆಯ ಸುದ್ದಿ ಎತ್ತಿದಳು. ಹುಡುಗನ ತಾಯಿಯ ಮುಖ ಗಂಭೀರವಾಯಿತು.

"ಹರಕೆ ಬಾಕಿ ಉಂಟಾ? ಹಾಗಾದರೆ ಅದನ್ನು ಮೊದಲು ತೀರಿಸಿ. ಮತ್ತೆ ಮಾತಾಡುವ."

"ಅದು ನಾನು ಮಾಡುವುದಿಲ್ಲ," ಎಂದಳು ಜ್ಯೋತ್ಸ್ನಾ, ಎಲ್ಲರ ಎದುರಿಗೇ. ದನಿ ಎತ್ತರವಿರಲಿಲ್ಲ. "ದೇವಸ್ಥಾನಕ್ಕೆ ಬರ್ತೇನೆ. ಪೂಜೆ ಮಾಡಿಸ್ತೇನೆ. ಒಬ್ಬರು ಉಂಡ ಎಲೆಯ ಮೇಲೆ ಹೊರಳುವುದಿಲ್ಲ."

ಜಿತೇಶ್ ತಲೆ ತಗ್ಗಿಸಿ ಕುಳಿತಿದ್ದ. ಬಂದವರು ಚಹಾದ ಲೋಟ ಅರ್ಧದಲ್ಲಿಟ್ಟು ಹೊರಟರು. ಆ ಸಂಬಂಧ ಅಲ್ಲಿಗೆ ಮುಗಿಯಿತು. ಅಜ್ಜಿ ಮೊಮ್ಮಗಳಿಗೆ ಒಂದು ಮಾತೂ ಹೇಳಲಿಲ್ಲ. ಸೊಸೆಗೆ ಹೇಳಿದಳು: "ನೀನು ಮಾಡಿದ್ದನ್ನು ಅವಳು ಅನುಭವಿಸ್ತಾಳೆ."

ಆ ವರ್ಷದ ಷಷ್ಠಿಗೆ ಅತ್ತೆ ಸೊಸೆ ಇಬ್ಬರೂ, ಬರೀ ಹಣ್ಣುಕಾಯಿ ಮಾಡಿಸಿ ಬರುವುದೆಂದು ಹೇಳಿ ಹೋದರು. ಅದಾಗಿ ವಾರ ಕಳೆದಿರಬೇಕು, ಬೆಳಗ್ಗೆ ಶಶಿಪ್ರಭಾ ಜಡೆ ಹಾಕಲು ಬರಲಿಲ್ಲ.

"ಇವತ್ತು ನೀನೇ ಹಾಕಿಕೋ ಮಗಾ, ಒಲೆಯ ಹತ್ತಿರ ಕೆಲಸ ಉಂಟು," ಎಂದಳು. ಮರುದಿನವೂ ಅದೇ ಮಾತು. ಅದರ ಮರುದಿನ ಜ್ಯೋತ್ಸ್ನಾ ಅಡುಗೆಮನೆಗೆ ಹೋಗಿ ನೋಡಿದರೆ, ಮೇಲಿನ ಹಲಗೆಯ ಡಬ್ಬಿ ತೆಗೆಯಲು ತಾಯಿ ಸ್ಟೂಲು ಹತ್ತಿದ್ದಾಳೆ. ಕೈ ಎತ್ತಲಾಗುತ್ತಿಲ್ಲ. ರವಕೆಯ ಭುಜದಲ್ಲಿ ಹಳದಿ ಕಲೆ.

ಷಷ್ಠಿಯ ದಿನ ಮಗಳ ಬದಲು ತಾನೇ ಮಡೆಸ್ನಾನ ಮಾಡುವಾಗ ದೇವಸ್ಥಾನದ ಅಂಗಳದ ಕಲ್ಲೊಂದು ತರಚಿ ಆದ ಗಾಯ ಅದು. ಶಶಿಪ್ರಭಾಳಿಗೆ ಸಕ್ಕರೆ ಕಾಯಿಲೆ. ಮುಚ್ಚಿಟ್ಟುಕೊಂಡ ಗಾಯ ಕೀವು ತುಂಬಿ ಬೆಳೆದಿತ್ತು. ಆಸ್ಪತ್ರೆಯಲ್ಲಿ ಕೊಯ್ದು ತೊಳೆದು, ಜ್ವರ ಇಳಿದು, ಅವಳು ಮನೆಗೆ ಬರುವಾಗ ಹೊಸ ವರ್ಷ ಹುಟ್ಟಿತ್ತು. "ಇನ್ನೊಂದು ಸಲ ಹೀಗಾದರೆ ನನ್ನ ಕೈಯಲ್ಲಿ ಇಲ್ಲ," ಎಂದು ಡಾಕ್ಟರು ಶೇಖರನನ್ನು ಪಕ್ಕಕ್ಕೆ ಕರೆದು ಹೇಳಿದರು.

ಹಾಸಿಗೆಯ ಹತ್ತಿರ ಕುಳಿತು ಜ್ಯೋತ್ಸ್ನಾ ಕೇಳಿದಳು: "ಯಾಕಮ್ಮ ಮಾಡಿದ್ದು?"

"ನೀನು ಮಾಡುವುದಿಲ್ಲ ಅಂದೆಯಲ್ಲ. ಯಾರಾದರೂ ಒಬ್ಬರು ಮಾಡಬೇಕಲ್ಲ." ಶಶಿಪ್ರಭಾ ಮಗಳ ಮಣಿಕಟ್ಟಿನ ಬಿಳಿ ಕಲೆಯನ್ನು ಹೆಬ್ಬೆರಳಿನಿಂದ ಸವರಿದಳು. "ನನಗೆ ಬೇಜಾರಿಲ್ಲ. ನಾನು ಇಷ್ಟಪಟ್ಟೇ ಮಾಡಿದ್ದು."

ಆ ಮಾತು ಜ್ಯೋತ್ಸ್ನಾಳ ಮನಸ್ಸಿನಿಂದ ಹೋಗಲಿಲ್ಲ.

ಈ ವರ್ಷ ಷಷ್ಠಿಗೆ ಸ್ವಲ್ಪ ದಿನ ಇರುವಾಗ ತರಗತಿಯಲ್ಲಿ ಮೂಲಭೂತ ಹಕ್ಕುಗಳ ಪಾಠ ಬಂತು. ಇಪ್ಪತ್ತೈದನೆಯ ವಿಧಿ. ಪ್ರತಿಯೊಬ್ಬರಿಗೂ ತಮ್ಮ ಧರ್ಮವನ್ನು ನಂಬುವ, ಆಚರಿಸುವ ಸ್ವಾತಂತ್ರ್ಯ ಉಂಟು. ಆದರೆ ಆ ವಿಧಿ ಶುರುವಾಗುವುದೇ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮತ್ತು ಉಳಿದ ಮೂಲಭೂತ ಹಕ್ಕುಗಳಿಗೆ ಒಳಪಟ್ಟು ಎಂಬ ಮಾತಿನಿಂದ, ಎಂದು ಅವಳು ವಿವರಿಸಿದಳು. ಮುಂದಿನ ಬೆಂಚಿನ ಹನಾ ಎದ್ದು ನಿಂತಳು. ಬಂಟ್ವಾಳದ ಕಡೆಯ ಹುಡುಗಿ, ಪುಸ್ತಕದಲ್ಲಿ ಇಲ್ಲದ್ದನ್ನೇ ಕೇಳುವವಳು.

"ಮೇಡಂ, ಒಂದು ಡೌಟು. ಯಾರೂ ಒತ್ತಾಯ ಮಾಡದೆ, ಒಂದು ಆಚರಣೆಯನ್ನು ಅವರೇ ಇಷ್ಟಪಟ್ಟು ಮಾಡಿದರೆ? ಅದರಿಂದ ಅವರ ಮರ್ಯಾದೆ ಹೋಗ್ತದೆ ಅಂತ ಬೇರೆಯವರು ಹೇಳಲಿಕ್ಕೆ ಆಗ್ತದಾ?"

ಜ್ಯೋತ್ಸ್ನಾ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟಳು. "ಯೋಚಿಸಿ ಹೇಳ್ತೇನೆ," ಎಂದಳು.

ಮನೆಗೆ ಬರುವ ಬಸ್ಸಿನಲ್ಲಿ ಅವಳು ಯೋಚಿಸಿದ್ದು ತಾಯಿಯ 'ಇಷ್ಟ'ದ ಬಗ್ಗೆ. ಆ ಇಷ್ಟ ಎಲ್ಲಿಂದ ಬಂತು? ಅಜ್ಜಿಯ ಒಂದೊಂದು ಮಾತಿನಿಂದ, ನೆಂಟರ ಒಂದೊಂದು ನೋಟದಿಂದ, ಮಾಡದ ತಪ್ಪಿನಿಂದ. ಮರುದಿನ ತರಗತಿಯಲ್ಲಿ ಅವಳು ಹನಾಳಿಗೆ ಹೇಳಿದಳು: "ಇಷ್ಟಪಟ್ಟು ಮಾಡ್ತೇನೆ ಅನ್ನುವವರ ಹತ್ತಿರ ಒಂದು ಕೇಳಬೇಕು. ಬೇಡ ಅಂದಿದ್ದರೆ ನಿಮಗೆ ಏನಾಗ್ತಿತ್ತು ಅಂತ. ಏನೂ ಆಗ್ತಿರಲಿಲ್ಲ ಎಂದರೆ ಅದು ನಿಜವಾದ ಇಷ್ಟ, ಅದನ್ನು ಗೌರವಿಸಬೇಕು. ಬೇಡ ಅನ್ನಲಿಕ್ಕೇ ಜಾಗ ಇಲ್ಲದಿದ್ದರೆ ಅದು ಇಷ್ಟ ಅಲ್ಲ."

ಷಷ್ಠಿಯ ಹಿಂದಿನ ಸಂಜೆ ಶಶಿಪ್ರಭಾ ಚೀಲಕ್ಕೆ ಎರಡು ಸೀರೆ ತುಂಬಿಸುವುದನ್ನು ಶೇಖರ ಕಂಡ.

"ಡಾಕ್ಟರು ಹೇಳಿದ್ದು ಮರೆತುಹೋಯಿತಾ?"

"ಎರಡು ವರ್ಷದ್ದು ಬಾಕಿ ಉಂಟು. ಅರ್ಧಕ್ಕೆ ಬಿಟ್ಟರೆ ಇನ್ನೂ ದೊಡ್ಡ ತಪ್ಪಂತೆ."

"ಯಾರು ಹೇಳಿದ್ದು?"

ಶಶಿಪ್ರಭಾ ಚೀಲದ ಬಾಯಿ ಕಟ್ಟಿದಳು. ಒಳಗಿನಿಂದ ಅಜ್ಜಿಯೇ ಹೇಳಿದಳು: "ನಾನು ಹೇಳಿದ್ದು. ನೀನು ಹೋಟೆಲು ನೋಡಿಕೋ ಶೇಖರ. ದೇವರ ವಿಷಯ ನಮಗೆ ಬಿಡು."

ಶೇಖರ ಜೀವಮಾನದಲ್ಲಿ ತಾಯಿಗೆ ಎದುರು ಮಾತಾಡಿದವನಲ್ಲ. ಅಂದೂ ಆಡಲಿಲ್ಲ. ಆದರೆ ಮಗಳ ಕೋಣೆಗೆ ಹೋಗಿ, "ನಾಳೆ ಹೋಟೆಲಿಗೆ ರಜೆ. ನಾವೂ ಹೋಗುವ," ಎಂದ.

ಪೊಲೀಸರಿಗೆ ಒಂದು ಫೋನು ಮಾಡಿದರೆ ಸಾಕಿತ್ತು ಎಂದು ಓದುವವರಿಗೆ ಅನ್ನಿಸಬಹುದು. ಜ್ಯೋತ್ಸ್ನಾಳಿಗೂ ಅನ್ನಿಸಿತ್ತು. ಫೋನು ಕೈಗೆತ್ತಿಕೊಂಡೂ ಇದ್ದಳು. ಆದರೆ ಒದ್ದೆ ಸೀರೆಯಲ್ಲಿ ನಿಂತ ತಾಯಿಯನ್ನು ಪೊಲೀಸರು ಪ್ರಶ್ನೆ ಕೇಳುವುದು ಕಣ್ಣಮುಂದೆ ಬಂತು. ಈ ವರ್ಷ ತಪ್ಪಿದರೆ ಮುಂದಿನ ವರ್ಷ ಇನ್ನೆಲ್ಲೋ ಕದ್ದು ಮಾಡಿಯಾಳು, ಇನ್ನೊಂದು ಗಾಯವನ್ನು ಮುಚ್ಚಿಟ್ಟಾಳು. ಕಾನೂನು ಬೇಕೇ ಬೇಕು. ಆದರೆ ತಾಯಿಯ ಒಳಗೆ ಕೂತಿರುವ ಆ ತಪ್ಪನ್ನು ಅಲ್ಲಿಂದ ಎಬ್ಬಿಸುವುದಕ್ಕೆ ಕಾನೂನಿನ ಕೈ ಸಾಲದು ಎಂದು ಅವಳಿಗೆ ತೋರಿತು.

ದೇವಸ್ಥಾನದಲ್ಲಿ ಜನ ತುಂಬಿದ್ದರು. ಪೂಜೆಯಾಗಿ, ಮೊದಲ ಪಂಕ್ತಿಗೆ ಹಿಂದಿನ ಅಂಗಳದಲ್ಲಿ ಎಲೆ ಹಾಕಿದರು. ಹರಕೆಯವರು ಕೆರೆಯಲ್ಲಿ ಮುಳುಗಿ ಬಂದು ಗೋಡೆಯ ಬದಿಗೆ ನಿಂತಿದ್ದರು. ಐದಾರು ಮಂದಿ, ಹೆಚ್ಚಿನವರು ಹೆಂಗಸರು. ಶಶಿಪ್ರಭಾ ಕೊನೆಯಲ್ಲಿದ್ದಳು. ಜ್ಯೋತ್ಸ್ನಾ ಹೋಗಿ ಅವಳ ಪಕ್ಕ ನಿಂತಳು.

"ಅಮ್ಮ, ಬೇಡ."

"ಸುಮ್ಮನಿರು ಮಗಾ. ಎಲ್ಲರೂ ನೋಡ್ತಾರೆ." ಶಶಿಪ್ರಭಾಳ ಕೂದಲಿನಿಂದ ನೀರು ಇಳಿಯುತ್ತಿತ್ತು. "ನೀನು ಕಾಲೇಜಿನಲ್ಲಿ ಹೇಳ್ತೀಯಲ್ಲ, ಎಲ್ಲರಿಗೂ ಅವರವರ ನಂಬಿಕೆ ಅಂತ. ನಿನ್ನ ಪುಸ್ತಕದಲ್ಲಿ ನನ್ನ ನಂಬಿಕೆಗೆ ಜಾಗ ಇಲ್ವಾ?"

"ಉಂಟು. ನೀನು ದೇವರಿಗೆ ಎಷ್ಟು ಬೇಕಾದರೂ ಅಡ್ಡ ಬೀಳು, ನಾನೂ ಜೊತೆಗೆ ಬೀಳ್ತೇನೆ. ಆದರೆ ಅಮ್ಮ, ಅಲ್ಲಿ ಉಣ್ಣುವವರು ದೇವರಲ್ಲ. ನಮ್ಮ ಹಾಗೇ ಮನುಷ್ಯರು."

ಶಶಿಪ್ರಭಾ ಮುಖ ತಿರುಗಿಸಿದಳು. "ನನ್ನಿಂದ ಆದದ್ದು. ನನ್ನಿಂದಲೇ ಹೋಗಬೇಕು," ಎಂದಳು.

ಇನ್ನು ತಾಯಿಯ ಹತ್ತಿರ ಬೇಡುವುದರಲ್ಲಿ ಅರ್ಥವಿಲ್ಲ ಎಂದು ಜ್ಯೋತ್ಸ್ನಾಳಿಗೆ ತಿಳಿಯಿತು. ಬೇಡ ಅನ್ನುವ ಶಕ್ತಿ ತಾಯಿಗೆ ಉಳಿದಿರಲಿಲ್ಲ. ಆ ಶಕ್ತಿ ಇದ್ದವರು ಬೇರೆ ಇದ್ದರು. ಅವಳು ಗೋಡೆಯ ಬದಿಯಿಂದ ನಡೆದು ಪಂಕ್ತಿಯ ಎದುರಿಗೆ ಹೋಗಿ ಕೈಮುಗಿದಳು. ಉಣ್ಣುತ್ತಿದ್ದವರು ತಲೆ ಎತ್ತಿದರು.

"ನಾನು ಬಿ.ಸಿ.ರೋಡಿನ ಶೇಖರರ ಮಗಳು. ನಿಮ್ಮ ಊಟಕ್ಕೆ ಅಡ್ಡಿ ಮಾಡುವುದಿಲ್ಲ, ನಿಧಾನ ಉಣ್ಣಿ. ಅಲ್ಲಿ ನಿಂತವರು ನನ್ನ ಅಮ್ಮ. ಹೋದ ವರ್ಷ ಈ ಅಂಗಳದಲ್ಲಿ ಹೊರಳಿ ಅವರ ಭುಜ ಕೊಳೆಯಿತು, ಜೀವ ಉಳಿದದ್ದೇ ಹೆಚ್ಚು. ನನ್ನ ಈ ಕಲೆಗೋಸ್ಕರ." ಅವಳು ಜಡೆ ಸರಿಸಿ ಕುತ್ತಿಗೆ ತೋರಿಸಿದಳು. "ಅವರಿಗೆ ಬೇಡ ಅನ್ನಲಿಕ್ಕೆ ಆಗುವುದಿಲ್ಲ. ನಿಮಗೆ ಆಗ್ತದೆ. ಉಂಡಾದ ಮೇಲೆ ನಿಮ್ಮ ನಿಮ್ಮ ಎಲೆ ನೀವೇ ಎತ್ತಿಕೊಂಡು ಹೋಗಿ. ಅಷ್ಟೇ ನಾನು ಕೇಳುವುದು."

ಬಡಿಸುವವರು ನಿಂತಲ್ಲೇ ನಿಂತರು. ದೇವಸ್ಥಾನದ ಮೊಕ್ತೇಸರರು ವೇಗವಾಗಿ ಬಂದರು.

"ಪಂಕ್ತಿಯ ಎದುರು ಹೀಗೆಲ್ಲ ಮಾತಾಡುವ ಕ್ರಮ ಇಲ್ಲ. ಇದು ನಮ್ಮ ಧರ್ಮದ ವಿಚಾರ. ನಿಮ್ಮ ಕಾನೂನು ಗೇಟಿನ ಹೊರಗೆ."

"ಧರ್ಮ ನನ್ನದೂ ಹೌದು," ಎಂದಳು ಜ್ಯೋತ್ಸ್ನಾ. "ಬೆಳಗ್ಗೆ ಇಲ್ಲೇ ಪೂಜೆ ಮಾಡಿಸಿದ್ದೇನೆ. ನಾನು ಕಾನೂನು ತರಲಿಲ್ಲ, ಕೇಳಿಕೊಂಡದ್ದು."

"ಹಿಂದಿನಿಂದ ನಡೆದುಬಂದದ್ದನ್ನು ನಿನ್ನೆ ಮೊನ್ನೆಯವರು ಬಂದು..."

"ಸ್ವಲ್ಪ ನಿಲ್ಲಿ ಮಾರಾಯ್ರೇ."

ಪಂಕ್ತಿಯ ನಡುವಿನಿಂದ ಬಂದ ದನಿ ಅದು. ಎಡಪಡಿತ್ತಾಯ ಮಾಸ್ಟ್ರು, ಶೇಖರನಿಗೆ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವರು, ಈಗ ಎಂಬತ್ತು ದಾಟಿದವರು. ಅವರು ಎಲೆಯಲ್ಲಿ ಉಳಿದ ಪಾಯಸವನ್ನು ಸಾವಕಾಶವಾಗಿ ಉಂಡು ಮುಗಿಸಿದರು. ಆಮೇಲೆ ಎಲೆಯನ್ನು ಮಡಚಿ, ನೆಲಕ್ಕೆ ಒಂದು ಕೈಯೂರಿ, ಕಷ್ಟಪಟ್ಟು ಎದ್ದರು. ಎಲೆ ಅವರ ಕೈಯಲ್ಲಿತ್ತು.

"ಚಿಕ್ಕಂದಿನಿಂದ ಈ ಪಂಕ್ತಿಯಲ್ಲಿ ಉಣ್ತಾ ಇದ್ದೇನೆ," ಎಂದರು. "ಕೈ ತೊಳೆಯಲಿಕ್ಕೆ ಹೋಗುವಾಗ ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ. ನೋಡಿದರೆ ಉಂಡದ್ದು ಇಳಿಯುತ್ತಿರಲಿಲ್ಲವೋ ಏನೋ."

ಅವರು ಗೋಡೆಯ ಕಡೆ ನಡೆದು ಶಶಿಪ್ರಭಾಳ ಎದುರು ನಿಂತರು.

"ಶಶಿ, ನನ್ನ ಎರಡೂ ಕಾಲಿನಲ್ಲಿ ಇಸುಬು ಉಂಟು. ಮಂಗಳೂರಿನ ಡಾಕ್ಟರ ಮದ್ದು ಹಚ್ತೇನೆ. ನಾನು ಉಂಡ ಎಲೆಗೆ ಅಂಥ ಶಕ್ತಿ ಇದ್ದಿದ್ದರೆ ಮೊದಲು ನನ್ನ ಕಾಲೇ ಗುಣವಾಗಬೇಕಿತ್ತು, ಅಲ್ವಾ?"

ಶಶಿಪ್ರಭಾ ಅವರ ಪಂಚೆಯ ಕೆಳಗೆ ಕಾಣುತ್ತಿದ್ದ, ಕಪ್ಪಾಗಿ ಒಡೆದ ಚರ್ಮವನ್ನೇ ನೋಡಿದಳು. ಮಾಸ್ಟ್ರು ಎಲೆ ಹಿಡಿದುಕೊಂಡು ಹೊರಗಿನ ಗುಂಡಿಯ ಕಡೆ ಹೋದರು. ಅವರ ಪಕ್ಕ ಕುಳಿತಿದ್ದ ಯುವಕನೊಬ್ಬ ಎದ್ದ, ತನ್ನ ಎಲೆ ಎತ್ತಿದ. ಆಮೇಲೆ ಇನ್ನಿಬ್ಬರು. ಎಲ್ಲರೂ ಎದ್ದರೆಂದು ಹೇಳಿದರೆ ಸುಳ್ಳಾಗುತ್ತದೆ. ಅರ್ಧದಷ್ಟು ಮಂದಿ ಏನೂ ಕೇಳಿಸದವರ ಹಾಗೆ ಎಲೆ ಬಿಟ್ಟು ಕೈ ತೊಳೆಯಲು ಹೋದರು. ಪಂಕ್ತಿಯಲ್ಲಿ ಅಲ್ಲಲ್ಲಿ ಬರಿ ನೆಲ, ಅಲ್ಲಲ್ಲಿ ಎಂಜಲು ಎಲೆ.

ಮೂಲೆಯ ಕುರ್ಚಿಯಿಂದ ಅಜ್ಜಿ ಕರೆದಳು. "ಶಶೀ, ಉಳಿದ ಎಲೆ ಸಾಕು. ಹೋಗು, ತೀರಿಸಿ ಬಾ."

ಶಶಿಪ್ರಭಾ ಅಂಗಳವನ್ನು ನೋಡಿದಳು. ಆಚೆ ಬದಿಯಲ್ಲಿ ಗಂಡ ನಿಂತಿದ್ದ, ಅವನ ಕಣ್ಣು ತುಂಬಿತ್ತು. ಅವಳು ಅತ್ತೆಯ ಹತ್ತಿರ ಹೋದಳು.

"ಅತ್ತೆ, ನಾನು ಸೀರೆ ಬದಲಾಯಿಸ್ತೇನೆ."

"ಹರಕೆ?"

"ಹರಕೆ ಹೇಳಿದ್ದು ನೀವು. ಮಗಳನ್ನು ಹೆತ್ತದ್ದು ನಾನು. ನಾನು ಆಗ ಬನದ ಹತ್ತಿರ ಹೋಗಲಿಲ್ಲ ಅತ್ತೆ. ಒಂದು ದಿನವೂ ಹೋಗಲಿಲ್ಲ. ನಾನು ಅವಳಿಗೆ ಎಂತ ತಪ್ಪೂ ಮಾಡಲಿಲ್ಲ."

ಇಷ್ಟು ವರ್ಷ ಆಡದೆ ಉಳಿದಿದ್ದ ಮಾತು ಅದು. ಶಶಿಪ್ರಭಾ ಬಗ್ಗಿ ಅತ್ತೆಯ ಕೈಯನ್ನು ಒಮ್ಮೆ ಹಿಡಿದು ಬಿಟ್ಟು, ಚೀಲ ಎತ್ತಿಕೊಂಡು ಬಟ್ಟೆ ಬದಲಾಯಿಸುವ ಕೋಣೆಗೆ ಹೋದಳು.

ಅವಳು ಒಣ ಸೀರೆಯುಟ್ಟು ಹೊರಬರುವಾಗ ಅಂಗಳದಲ್ಲಿ ಒಬ್ಬಾಕೆ ಹೊರಳುತ್ತಿದ್ದಳು. ಗೋಡೆಯ ಬದಿ ನಿಂತಿದ್ದವರಲ್ಲಿ ಮೂವರು ಹಿಂದೆ ಸರಿದಿದ್ದರು, ಈಕೆ ಸರಿದಿರಲಿಲ್ಲ. ಚಾರ್ಮಾಡಿ ಕಡೆಯಿಂದ ಬಂದ ಪೂವಕ್ಕ ಎಂಬ ಮುದುಕಿ. ಎರಡೂ ತೋಳಿನ ಚರ್ಮ ಮರದ ತೊಗಟೆಯಂತೆ ಬಿರಿದಿತ್ತು. ಉಳಿದ ಎಲೆಗಳ ಮೇಲೆ ಉರುಳಿ, ಕೊನೆಯಲ್ಲಿ ಏಳಲಾಗದೆ ಅಲ್ಲೇ ಮಗುಚಿ ಬಿದ್ದಳು. ಕೆನ್ನೆಗೆ ಅನ್ನ ಅಂಟಿತ್ತು. ಸುತ್ತ ನಿಂತವರು ಮುಟ್ಟಲು ಹಿಂಜರಿಯುತ್ತಿದ್ದರು.

ಶಶಿಪ್ರಭಾ ಹೋಗಿ, ನೋಯುವ ಭುಜವನ್ನು ಲೆಕ್ಕಿಸದೆ, ಅವಳನ್ನು ತಬ್ಬಿ ಎಬ್ಬಿಸಿದಳು. ಜ್ಯೋತ್ಸ್ನಾ ಇನ್ನೊಂದು ಕಡೆ ಹಿಡಿದಳು. ನಳ್ಳಿಯ ಹತ್ತಿರ ಕೂರಿಸಿ ಇಬ್ಬರೂ ಅವಳ ಮೈ ತೊಳೆದರು. ಚೀಲದಲ್ಲಿದ್ದ ಇನ್ನೊಂದು ಸೀರೆಯನ್ನು ಶಶಿಪ್ರಭಾ ಅವಳಿಗೆ ಉಡಿಸಿದಳು.

"ನನ್ನದು ಎಂತ ತಪ್ಪಿಗೋ ಗೊತ್ತಿಲ್ಲ ಮಗಳೇ," ಎಂದಳು ಪೂವಕ್ಕ. "ವರ್ಷವೂ ಮಾಡ್ತೇನೆ. ಹೋಗುವುದಿಲ್ಲ."

"ತಪ್ಪು ಇಲ್ಲ ಅಕ್ಕ. ಮೊದಲು ಊಟ ಮಾಡುವ. ಮತ್ತೆ ನನ್ನ ಮಗಳು ನಿಮ್ಮನ್ನು ಡಾಕ್ಟರ ಹತ್ತಿರ ಕರಕೊಂಡು ಹೋಗ್ತಾಳೆ."

ಹರಕೆಯವರಿಗೆ ಊಟ ಯಾವಾಗಲೂ ಹೊರಗೆ, ಮರದಡಿಯಲ್ಲಿ. ಶಶಿಪ್ರಭಾ ಮುದುಕಿಯ ಕೈಹಿಡಿದು ಅದೇ ಅಂಗಳಕ್ಕೆ, ಮೊದಲ ಪಂಕ್ತಿ ಕೂತಿದ್ದಲ್ಲಿಗೆ ಕರೆತಂದಳು. ಮೊಕ್ತೇಸರರು ಏನೋ ಹೇಳಲು ಬಾಯಿ ತೆರೆದರು. ಕೈ ತೊಳೆದು ಬಂದ ಮಾಸ್ಟ್ರು ಅವರ ಪಕ್ಕವೇ ನಿಂತಿದ್ದರು. ಮಾಸ್ಟ್ರನ್ನು ನೋಡಿ ಮೊಕ್ತೇಸರರು ಮಾತು ನುಂಗಿ ಒಳಗೆ ಹೋದರು. ಶೇಖರ ನೆಲ ಒರೆಸಿ ಹೊಸ ಎಲೆ ಹಾಕಿದ. ಬಡಿಸುವವನ ಕೈಯಿಂದ ಅನ್ನದ ಪಾತ್ರೆ ತಾನೇ ತೆಗೆದುಕೊಂಡ. ಅಜ್ಜಿ ಮಾತ್ರ ಹಸಿವಿಲ್ಲ ಎಂದು ಕುರ್ಚಿಯಲ್ಲೇ ಕುಳಿತಳು, ಆದರೆ ಕುರ್ಚಿಯನ್ನು ಇತ್ತ ತಿರುಗಿಸಿಕೊಂಡಿದ್ದಳು.

ಪೂವಕ್ಕ ನಾಚಿಕೊಂಡು ಎರಡು ತುತ್ತು ಉಂಡಳು. ಆಮೇಲೆ ಎದುರು ಕುಳಿತಿದ್ದ ಜ್ಯೋತ್ಸ್ನಾಳನ್ನು, ಅವಳ ತುಟಿಯ ಅಂಚನ್ನು, ಮಣಿಕಟ್ಟನ್ನು ನೋಡಿದಳು.

"ಮಗಳು ಚಂದ ಉಂಟು," ಎಂದಳು.

"ಹೌದು," ಎಂದಳು ಶಶಿಪ್ರಭಾ. ಅದರ ಹಿಂದೆ 'ಆದರೆ' ಎಂದು ಏನನ್ನೂ ಸೇರಿಸಲಿಲ್ಲ. ಮುದುಕಿಯ ಎಲೆಯಲ್ಲಿ ಸಾರು ಮುಗಿದಿರುವುದನ್ನು ಕಂಡು, ಬಡಿಸಲು ಗಂಡನನ್ನು ಕರೆದಳು.